ಒಂದು ಪುಸ್ತಕವನ್ನು ಶಾಲೆಗೆ ಒಯ್ಯುವ ಬಗೆಗಳು: ಮಾಡಿ ನೋಡಿದವಳ ಹೋಲಿಕೆ

ಪ್ರೌಢಶಾಲೆಯ ಮೂರು ವರ್ಷಗಳಲ್ಲಿ ‘ನಿಮಗೆ ಇಷ್ಟವಾದ ಪುಸ್ತಕವೊಂದನ್ನು ಆರಿಸಿಕೊಂಡು ಪ್ರಾಜೆಕ್ಟ್ ಮಾಡಿ ತನ್ನಿ’ ಎಂಬ ಮಾತನ್ನು ನಾನು ಆರು ಸಲ ಕೇಳಿದ್ದೇನೆ. ಆರು ಸಲವೂ ಬೇರೆ ಬೇರೆ ರೀತಿಯಲ್ಲಿ ಮಾಡಿದ್ದೇನೆ. ಒಂದೇ ಪುಸ್ತಕವನ್ನು ಎರಡು ರೀತಿಯಲ್ಲಿ ಮಾಡಿದ್ದೂ ಇದೆ, ಒಬ್ಬರೇ ಲೇಖಕರ ಎರಡು ಪುಸ್ತಕಗಳನ್ನು ಎರಡು ರೀತಿಯಲ್ಲಿ ಮಾಡಿದ್ದೂ ಇದೆ. ನಾನೀಗ ದ್ವಿತೀಯ ಪಿಯುಸಿಯಲ್ಲಿದ್ದೇನೆ. ಈ ವರ್ಷ ಎಂಟನೆಯ ತರಗತಿಗೆ ಕಾಲಿಟ್ಟ ನನ್ನ ತಂಗಿ ಅದೇ ಕೆಲಸವನ್ನು ಹೊತ್ತು ಮನೆಗೆ ಬಂದು, ‘ಅಕ್ಕಾ, ಯಾವುದು ಮಾಡಿದ್ರೆ ಒಳ್ಳೇದು?’ ಎಂದು ಕೇಳಿದಾಗ ತಕ್ಷಣ ಉತ್ತರ ಹೊಳೆಯಲಿಲ್ಲ. ಅಂಕದ ಲೆಕ್ಕದಲ್ಲಿ ಒಂದು ಉತ್ತರವಾದರೆ, ಓದಿನ ಲೆಕ್ಕದಲ್ಲಿ ಇನ್ನೊಂದು. ಅವಳಿಗೆ ಬಾಯಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಹೋಲಿಕೆಗೆ ನಾನು ಇಟ್ಟುಕೊಂಡಿರುವ ಮುಖ್ಯ ಅಳತೆ ಒಂದೇ. ಕೆಲಸ ಮುಗಿಯುವುದರೊಳಗೆ ಪುಸ್ತಕವನ್ನು ಎಷ್ಟು ಸಲ ಮತ್ತೆ ತೆರೆಯಬೇಕಾಯಿತು ಎಂಬುದು. ಖರ್ಚು, ಬೇಕಾದ ದಿನಗಳು, ಕೊನೆಗೆ ಉಳಿದದ್ದೇನು, ನೋಡಿದವರಲ್ಲಿ ಎಷ್ಟು ಮಂದಿ ಪುಸ್ತಕ ಕೇಳಿಕೊಂಡು ಬಂದರು ಎಂಬುದನ್ನೂ ಗಮನಿಸಿದ್ದೇನೆ. ಆದರೆ ಮೊದಲನೆಯ ಅಳತೆಯಲ್ಲಿ ಸೋತದ್ದು ಮಿಕ್ಕವುಗಳಲ್ಲಿ ಗೆದ್ದರೂ ನನ್ನ ಲೆಕ್ಕದಲ್ಲಿ ಸೋತಂತೆಯೇ.

ಚಾರ್ಟಿನ ವಿಷಯವನ್ನು ಮೊದಲೇ ಮುಗಿಸಿಬಿಡುತ್ತೇನೆ. ಕನ್ನಡದ ಎಂಟು ಜ್ಞಾನಪೀಠ ಪುರಸ್ಕೃತರ ಚಿತ್ರಗಳನ್ನು ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲಿ ಪ್ರಿಂಟ್ ಹಾಕಿಸಿ, ಹಳದಿ ಚಾರ್ಟ್ ಹಾಳೆಗೆ ಅಂಟಿಸಿ, 1967ರ ಕುವೆಂಪು ಅವರಿಂದ 2010ರ ಕಂಬಾರರವರೆಗೆ ಹೆಸರು, ಕೃತಿ, ವರ್ಷಗಳನ್ನು ಸ್ಕೆಚ್ ಪೆನ್ನಿನಲ್ಲಿ ಬರೆದೆ. ಒಂದು ರಾತ್ರಿಯಲ್ಲಿ ಮುಗಿಯಿತು. ಒಂದೂ ಪುಸ್ತಕ ತೆರೆಯಲಿಲ್ಲ. ಅದೇ ವಾರ ತರಗತಿಯ ಗೋಡೆಯ ಮೇಲೆ ಅಂಥವೇ ಒಂಬತ್ತು ಚಾರ್ಟುಗಳಿದ್ದವು, ಎರಡರಲ್ಲಿ ಗೋಕಾಕರ ಚಿತ್ರದ ಕೆಳಗೆ ಮಾಸ್ತಿಯವರ ಹೆಸರಿತ್ತು.

ಶೂ ಡಬ್ಬಿಯೊಳಗಿನ ಕಾಡು

ಎಂಟನೆಯ ತರಗತಿಯಲ್ಲಿ ನಾನು ಆರಿಸಿಕೊಂಡದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’. 1980ರಲ್ಲಿ ಬಂದ ಈ ಕಾದಂಬರಿ ಜೇನಿನ ಮಾತಿನಿಂದ ಶುರುವಾಗಿ, ಊರವರ ಕಣ್ಣಿಗೆ ಉಂಡಾಡಿಯಂತೆ ಕಾಣುವ ಮಂದಣ್ಣ, ಅವನಲ್ಲಿ ಅಪರೂಪದ ನಿಸರ್ಗಜ್ಞಾನವನ್ನು ಗುರುತಿಸುವ ವಿಜ್ಞಾನಿ ಕರ್ವಾಲೋ, ಕೃಷಿಯಿಂದ ಬೇಸತ್ತ ನಿರೂಪಕ, ಕ್ಯಾಮೆರಾ ಹಿಡಿದ ಪ್ರಭಾಕರ, ಕಿವಿ ಎಂಬ ನಾಯಿ ಇವರೆಲ್ಲರನ್ನೂ ಹಾರುವ ಓತಿಯೊಂದರ ಬೆನ್ನು ಹತ್ತಿಸಿ ಕಾಡಿಗೆ ಕರೆದೊಯ್ಯುತ್ತದೆ. ಕೊನೆಯಲ್ಲಿ ಓತಿ ಕೈಗೆ ಸಿಗುವುದಿಲ್ಲ. ಎಲ್ಲರ ಕಣ್ಣೆದುರೇ ಕಣಿವೆಯ ಶೂನ್ಯಕ್ಕೆ ತೇಲಿ ಹೋಗುತ್ತದೆ. ಆ ಕೊನೆಯ ದೃಶ್ಯವನ್ನು ಶೂ ಡಬ್ಬಿಯೊಳಗೆ ಮಾಡುವುದೆಂದು ನಿಶ್ಚಯಿಸಿದೆ.

ಡಬ್ಬಿಯ ಒಂದು ಮಗ್ಗುಲನ್ನು ಕತ್ತರಿಸಿ ತೆಗೆದು, ಒಳಗೆ ನೀಲಿ ಬಣ್ಣ ಬಳಿದು, ಥರ್ಮಾಕೋಲನ್ನು ಬಿಸಿ ಮಾಡಿದ ಚಾಕುವಿನಲ್ಲಿ ಕೊರೆದು ಬಂಡೆ ಮಾಡಿದೆ. ಅಡಿಕೆ ಹಾಳೆಯ ಚೂರುಗಳಿಂದ ಮರದ ಕಾಂಡಗಳಾದವು, ತೋಟದ ಪಾಚಿಯಿಂದ ಹಸಿರಾಯಿತು, ಓತಿಯನ್ನು ರಟ್ಟಿನಲ್ಲಿ ಕತ್ತರಿಸಿ ಕಪ್ಪು ದಾರದಿಂದ ಮೇಲಿನಿಂದ ನೇತುಬಿಟ್ಟೆ. ಬಣ್ಣ, ಥರ್ಮಾಕೋಲ್, ಫೆವಿಕಾಲ್ ಸೇರಿ ಸುಮಾರು 180 ರೂಪಾಯಿ, ಎರಡು ಭಾನುವಾರಗಳು. ಡಬ್ಬಿಯನ್ನು ಮೇಜಿನ ಮೇಲೆ ಇಟ್ಟು ಫ್ಯಾನ್ ಹಾಕಿದರೆ ಓತಿ ನಿಧಾನವಾಗಿ ಸುತ್ತುತ್ತಿತ್ತು. ಎಲ್ಲರೂ ಮೆಚ್ಚಿದರು. ಪೂರ್ತಿ ಅಂಕ ಬಂತು.

ಆದರೆ ನಾನು ಮಾಡಿದ್ದ ಓತಿ ತಪ್ಪಾಗಿತ್ತು. ಬಾವಲಿಗೆ ಇರುವಂತೆ ಮುಂಗಾಲುಗಳಿಗೆ ಅಂಟಿಕೊಂಡ ರೆಕ್ಕೆಗಳನ್ನು ಬಿಡಿಸಿದ್ದೆ. ಕನ್ನಡ ಮೇಡಂ ಅದನ್ನು ಗಮನಿಸಲಿಲ್ಲ. ಪಕ್ಕದ ಸ್ಟಾಫ್ ರೂಮಿನಿಂದ ಬಂದ ವಿಜ್ಞಾನದ ಸರ್ ಮಾತ್ರ ಡಬ್ಬಿಯೊಳಗೆ ಬಗ್ಗಿ ನೋಡಿ, ‘ಇದು ರೆಕ್ಕೆ ಬಡಿಯುತ್ತದೆಯೋ, ತೇಲುತ್ತದೆಯೋ?’ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಪಶ್ಚಿಮ ಘಟ್ಟದ ಹಾರುವ ಓತಿಗೆ ಹಕ್ಕಿಯ ಅಥವಾ ಬಾವಲಿಯ ಅರ್ಥದಲ್ಲಿ ರೆಕ್ಕೆಯೇ ಇಲ್ಲ. ಅದರ ಪಕ್ಕೆಲುಬುಗಳು ಉದ್ದವಾಗಿ ಬೆಳೆದು ಎರಡೂ ಕಡೆ ಚರ್ಮದ ಪೊರೆಯನ್ನು ಕೊಡೆಯ ಕಡ್ಡಿಗಳಂತೆ ಬಿಡಿಸಿ ಹಿಡಿಯುತ್ತವೆ, ಬೇಡವಾದಾಗ ಮಡಚಿಕೊಳ್ಳುತ್ತವೆ, ನಾಲ್ಕು ಕಾಲುಗಳೂ ಆ ಪೊರೆಗೆ ಅಂಟಿಕೊಂಡಿರುವುದಿಲ್ಲ. ಪುಸ್ತಕದ ಕೊನೆಯ ಭಾಗವನ್ನು ಇನ್ನೊಮ್ಮೆ ನಿಧಾನವಾಗಿ ಓದಿದ್ದರೆ, ಅಥವಾ ಸಂಶಯ ಬಂದು ಯಾರನ್ನಾದರೂ ಕೇಳಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಸಂಶಯವೇ ಬರಲಿಲ್ಲ ಎಂಬುದು ಶೂ ಡಬ್ಬಿಯ ಮಾಡೆಲ್‌ನ ಮೇಲೆ ನನಗಿರುವ ಮುಖ್ಯ ತಕರಾರು. ಅದು ಕತೆಯ ಒಂದೇ ಕ್ಷಣವನ್ನು ಕೇಳುತ್ತದೆ, ಆ ಕ್ಷಣ ನೆನಪಿನಲ್ಲಿದ್ದರೆ ಪುಸ್ತಕ ಕಪಾಟಿನಲ್ಲೇ ಇರಬಹುದು. ಹದಿನೈದು ದಿನಗಳಲ್ಲಿ ನಾನು ‘ಕರ್ವಾಲೋ’ ತೆರೆದದ್ದು ಒಂದೇ ಸಲ, ಅದೂ ಮುಖಪುಟದ ಅಕ್ಷರಗಳ ವಿನ್ಯಾಸವನ್ನು ನಕಲು ಮಾಡಲು.

ಇಲಿಗಳ ನೆರಳು

ಅದೇ ವರ್ಷದ ಎರಡನೆಯ ಅವಧಿಯಲ್ಲಿ ನಾವು ಐವರು ಸೇರಿ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ನೆರಳಿನಾಟವಾಗಿ ಮಾಡಿದೆವು. ಕುವೆಂಪು ಹುಟ್ಟಿದ ಹಿರೇಕೊಡಿಗೆ ನಮ್ಮ ಕೊಪ್ಪ ತಾಲ್ಲೂಕಿನದೇ, ಕತೆ ನಡೆಯುವ ತುಂಗೆಯ ದಂಡೆಯೂ ನಮಗೆ ದೂರವಲ್ಲ. ಹಾಗಾಗಿ ‘ನಮ್ಮದು’ ಎಂಬ ಒಂದು ಬಗೆಯ ಹಕ್ಕು ನಮ್ಮ ಗುಂಪಿನಲ್ಲಿ ಮೊದಲಿನಿಂದಲೂ ಇತ್ತು. ಮೂಲತಃ ಈ ಕತೆ ಜರ್ಮನಿಯ ಹ್ಯಾಮೆಲಿನ್ ಊರಿನದು. ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಕವಿತೆಯ ಜಾಡು ಹಿಡಿದು ಕುವೆಂಪು ಅದನ್ನು ಕನ್ನಡಕ್ಕೆ ತಂದರು. ವೇಸರ್ ನದಿ ತುಂಗೆಯಾಯಿತು, ಮೇಯರ್ ಗೌಡನಾದ.

ಬೊಂಬೆಗಳಿಗೆ ನಾವು ಬಳಸಿದ್ದು ಹಳೆಯ ಎಕ್ಸ್‌ರೇ ಹಾಳೆಗಳನ್ನು. ಬ್ಲೀಚಿಂಗ್ ನೀರಿನಲ್ಲಿ ನೆನೆಸಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿದರೆ ಕಪ್ಪು ಪದರ ಲೋಳೆಯಂತೆ ಕಳಚಿ ತಿಳಿಯಾದ ಹಾಳೆ ಸಿಗುತ್ತದೆ. ಆಮೇಲೆ ಅದರ ಮೇಲೆ ಗ್ಲಾಸ್ ಪೇಂಟ್ ಬಳಿದರೆ ಬೆಳಕು ಬಣ್ಣದೊಂದಿಗೆ ಹಾಯುತ್ತದೆ. ನಮ್ಮ ನಾಡಿನ ತೊಗಲುಬೊಂಬೆಗಳ ಸೊಗಸೇ ಅದು. ಬರೀ ಕಪ್ಪು ನೆರಳಲ್ಲ, ಹದ ಮಾಡಿದ ಮೇಕೆಯ ಚರ್ಮದ ಮೂಲಕ ಕೆಂಪು, ಹಸಿರು, ಹಳದಿಗಳು ಪರದೆಗೆ ಇಳಿಯುತ್ತವೆ. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಬೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಪತ್ರಿಕೆಯಲ್ಲಿ ಅವರ ಬೊಂಬೆಗಳ ಚಿತ್ರ ನೋಡಿ, ನಾವು ಎಕ್ಸ್‌ರೇ ಹಾಳೆಯಲ್ಲಿ ಪಟ್ಟ ಪಾಡು ನೆನಪಾಗಿ ನಗು ಬಂತು. ನಮ್ಮ ಗೌಡನ ಮೊಣಕೈಯೊಳಗೆ ಯಾರದೋ ಮುರಿದ ಮೂಳೆಯ ಗೆರೆ ಕೊನೆಯವರೆಗೂ ಅಳಿಸಿಹೋಗಲೇ ಇಲ್ಲ.

ಪರದೆಯೆಂದರೆ ಅಪ್ಪಯ್ಯನ ಹಳೆಯ ಬಿಳಿ ಪಂಚೆ. ಬೆಳಕಿಗೆ ಮೊದಲು ಟ್ಯೂಬ್‌ಲೈಟ್ ಇಟ್ಟು ನೋಡಿದೆವು. ಉದ್ದನೆಯ ದೀಪದಿಂದ ನೆರಳಿನ ಅಂಚು ಕಲಸಿಹೋಯಿತು, ಇಲಿಯೂ ಬೆಕ್ಕೂ ಒಂದೇ ಆಗಿ ಕಂಡವು. ಮೊಬೈಲಿನ ಟಾರ್ಚ್ ಚಿಕ್ಕ ಬಿಂದುವಿನಿಂದ ಬೆಳಕು ಬಿಡುವುದರಿಂದ ಮೀಸೆಯ ಕೂದಲು ಕೂಡ ಎದ್ದು ಕಾಣುತ್ತದೆ. ಬೊಂಬೆಯನ್ನು ಪರದೆಯಿಂದ ಹಿಂದಕ್ಕೆ, ದೀಪದ ಕಡೆಗೆ ಎಳೆದರೆ ನೆರಳು ದೊಡ್ಡದಾಗುತ್ತದೆ. ಗೌಡ ಜೋಗಿಗೆ ಕೊಟ್ಟ ಮಾತು ತಪ್ಪುವ ಜಾಗದಲ್ಲಿ ಅವನ ಬೊಂಬೆಯನ್ನು ಹಾಗೆ ಎಳೆದೆವು. ಪಂಚೆಯ ತುಂಬ ಅವನೇ ಆಗಿ, ಜೋಗಿ ಅವನ ಮೊಣಕಾಲಿನಷ್ಟೆತ್ತರ ನಿಂತಿದ್ದ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಅಭ್ಯಾಸ ಮಾಡುವಾಗ ಒಬ್ಬಳು ಕೈತಪ್ಪಿ ಬೊಂಬೆಯನ್ನು ಹಿಂದಕ್ಕೆ ತಂದಾಗ ಸಿಕ್ಕಿದ್ದು.

ಇನ್ನು ಮುಖ್ಯ ಅಳತೆಗೆ ಬರುತ್ತೇನೆ. ಈ ಕೆಲಸದಲ್ಲಿ ಪುಸ್ತಕ ಪ್ರತಿದಿನವೂ ಬೇಕಾಯಿತು, ಏಕೆಂದರೆ ಪದ್ಯವನ್ನೇ ಹಿನ್ನೆಲೆಯಲ್ಲಿ ಓದಬೇಕಿತ್ತು ಮತ್ತು ಓದಿದ್ದು ಪರದೆಯ ಮೇಲೆ ಕಾಣಬೇಕಿತ್ತು. ಕುವೆಂಪು ಇಲಿಗಳಿಗೂ ಅಣ್ಣ, ತಮ್ಮ, ಅಪ್ಪ, ಅವ್ವ ಎಂದು ನೆಂಟಸ್ತಿಕೆ ಹಚ್ಚಿದ್ದಾರೆ. ಕೋಸಂಬರಿಯಲ್ಲಿ ಕೂತ ಇಲಿ ಬೇರೆ, ಪಾಯಸ ಕುಡಿಯುವ ಇಲಿ ಬೇರೆ. ಒಂದೇ ಅಚ್ಚಿನ ಇಪ್ಪತ್ತು ಇಲಿಗಳನ್ನು ಕತ್ತರಿಸಿ ಮುಗಿಸಿದ್ದ ನಾವು, ಪದ್ಯವನ್ನು ಗಟ್ಟಿಯಾಗಿ ಓದಿದ ದಿನ ಅವುಗಳಲ್ಲಿ ಹದಿನಾಲ್ಕನ್ನು ಎಸೆದು ಮತ್ತೆ ಕತ್ತರಿಸಬೇಕಾಯಿತು. ಅದಕ್ಕಿಂತ ದೊಡ್ಡ ತಿದ್ದುಪಡಿ ಜೋಗಿಯದೇ. ಇಂಟರ್ನೆಟ್ಟಿನಲ್ಲಿ ಸಿಕ್ಕ ಹ್ಯಾಮೆಲಿನ್ ಚಿತ್ರಗಳನ್ನು ನೋಡಿ ಅವನ ಬಾಯಿಗೆ ಕೊಳಲು ಕೊಟ್ಟಿದ್ದೆವು. ‘ಕಿಂದರಿ ಅಂದ್ರೆ ಏನು?’ ಎಂದು ಮೇಡಂ ಕೇಳಿದಾಗಲೇ ನಮಗೆ ಹೊಳೆದದ್ದು, ಕಿಂದರಿ ಊದುವ ವಾದ್ಯವಲ್ಲ, ತಂತಿಯ ವಾದ್ಯ, ಹಿಂದೆ ಜೋಗಿಗಳು ಹೆಗಲಿಗೆ ಹಾಕಿಕೊಂಡು ಊರೂರು ತಿರುಗುತ್ತಿದ್ದ, ಸೋರೆಬುರುಡೆ ಕಟ್ಟಿದ ಕಿನ್ನರಿ. ಶೀರ್ಷಿಕೆಯಲ್ಲೇ ಇರುವ ಪದವನ್ನು ಅಷ್ಟು ದಿನ ಓದದೆಯೇ ಓದಿದ್ದೆವು. ಹೊಸ ಜೋಗಿಯನ್ನು ಮಾಡಲು ಎರಡು ಸಂಜೆ ಹಿಡಿಯಿತು.

ಖರ್ಚು ಐವರಿಗೆ ಹಂಚಿಕೊಂಡರೆ ತಲೆಗೆ 60 ರೂಪಾಯಿ, ದಿನಗಳು ಮಾತ್ರ ಸುಮಾರು ಒಂದು ತಿಂಗಳು. ಕೊರತೆಯೂ ಇದೆ. ಐವರಲ್ಲಿ ಇಬ್ಬರು ಬಿದಿರ ಕಡ್ಡಿ ಹಿಡಿದದ್ದಲ್ಲದೆ ಪುಸ್ತಕದ ಕಡೆ ತಲೆ ಹಾಕಲಿಲ್ಲ, ಅಂಕ ಮಾತ್ರ ಎಲ್ಲರಿಗೂ ಸಮನಾಗಿ ಬಂತು. ಗುಂಪಿನ ಕೆಲಸದಲ್ಲಿ ಇದು ತಪ್ಪದ ಪಾಡು. ಆದರೆ ಆಟ ನೋಡಲು ಬಂದ ಪ್ರಾಥಮಿಕ ಶಾಲೆಯ ಮಕ್ಕಳು ಮುಂದಿನ ಒಂದು ವಾರ ಇಲಿಗಳ ಸಾಲುಗಳನ್ನು ಆಟದ ಮೈದಾನದಲ್ಲಿ ಕೂಗುತ್ತಿದ್ದರು. ನಾನು ಮಾಡಿದ ಬೇರೆ ಯಾವುದಕ್ಕೂ ಆ ಭಾಗ್ಯ ಬರಲಿಲ್ಲ.

ಒಬ್ಬರೇ ಲೇಖಕರು, ಎರಡು ದಾರಿ

ಒಂಬತ್ತನೆಯ ತರಗತಿಯಲ್ಲಿ ನನ್ನ ಕೈಗೆ ಬಂದದ್ದು ಬಿ.ಜಿ.ಎಲ್. ಸ್ವಾಮಿಯವರ ‘ಹಸಿರು ಹೊನ್ನು’. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟದಲ್ಲಿ ಅಲೆದ ಕತೆ ಇದು, ನಗಿಸುತ್ತಲೇ ಗಿಡಗಳ ಪರಿಚಯ ಮಾಡಿಸುತ್ತದೆ, ಚಿತ್ರಗಳನ್ನೂ ಅವರೇ ಬರೆದಿದ್ದಾರೆ. ಇಲ್ಲೊಂದು ಮಾತು ಸೇರಿಸಬೇಕೆನಿಸುತ್ತದೆ. ನಾನು ಯೋಚಿಸದೆ ಆರಿಸಿಕೊಂಡ ಪುಸ್ತಕಗಳು ಎರಡು ಮನೆಗಳಿಂದ ಬಂದಿವೆ. ಕುವೆಂಪು ಮತ್ತು ತೇಜಸ್ವಿ ತಂದೆ ಮಗ, ಸ್ವಾಮಿಯವರು ಡಿ.ವಿ.ಜಿ.ಯವರ ಮಗ. ನಾಲ್ವರಿಗೂ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿದೆ, ಕ್ರಮವಾಗಿ 1955, 1987, 1978 ಮತ್ತು 1967ರಲ್ಲಿ. ಸ್ವಾಮಿಯವರಿಗೆ ಬಂದದ್ದು ‘ಹಸಿರು ಹೊನ್ನು’ವಿಗೇ.

ಪುಸ್ತಕಕ್ಕೆ ತಕ್ಕ ಕೆಲಸವೆಂದು ಹರ್ಬೇರಿಯಂ, ಅಂದರೆ ಒಣಗಿಸಿದ ಗಿಡಗಳನ್ನು ಹಾಳೆಗೆ ಹಚ್ಚಿ ಹೆಸರಿನ ಚೀಟಿ ಬರೆದಿಡುವ ಸಂಗ್ರಹ, ಮಾಡಲು ಹೊರಟೆ. ಆದರೆ ತಿಂಗಳು ಆಗಸ್ಟ್. ಮಲೆನಾಡಿನ ಮಳೆಗಾಲದಲ್ಲಿ ಗಿಡ ಒಣಗಿಸುತ್ತೇನೆ ಎನ್ನುವವರನ್ನು ಕಂಡು ಸ್ವಾಮಿಯವರೇ ನಗುತ್ತಿದ್ದರೇನೋ. ಕಿತ್ತು ತಂದ ಗಿಡವನ್ನು ಹಳೆಯ ಪತ್ರಿಕೆಗಳ ನಡುವೆ ಹರಡಿ, ಮೇಲೆ ಹಲಗೆ, ಅದರ ಮೇಲೆ ಬೀಸುಕಲ್ಲಿನ ಮೇಲ್ಭಾಗ ಹೇರಿ, ದಿನಕ್ಕೊಮ್ಮೆ ಪತ್ರಿಕೆ ಬದಲಿಸಬೇಕು. ಬದಲಿಸಬೇಕಾದ ಪತ್ರಿಕೆಯೇ ತೇವವಾಗಿದ್ದರೆ ಏನು ಮಾಡುವುದು? ಮೊದಲ ಕಂತಿನ ಹನ್ನೊಂದು ಗಿಡಗಳಲ್ಲಿ ಎಂಟಕ್ಕೆ ಬೂಷ್ಟು ಹಿಡಿಯಿತು. ಕೆಸುವಿನ ಎಲೆ ಕೊಳೆತು ಕಾಗದದ ಭಾಗವೇ ಆಗಿಹೋಯಿತು. ಕೆಂಪು, ಹಳದಿಯಲ್ಲಿ ಉರಿಯುವ ಅಗ್ನಿಶಿಖೆಯ ಹೂವು ಕಾಫಿ ಚೆಲ್ಲಿದ ಕಲೆಯಂತಾಯಿತು. ಕೊನೆಗೆ ಅಜ್ಜಿಯ ಸಲಹೆಯಂತೆ ಪತ್ರಿಕೆಗಳ ಕಟ್ಟನ್ನು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಹಂಡೆಗೆ ಬೆಂಕಿ ಹಾಕಿದಾಗಲೆಲ್ಲ ಆ ಶಾಖ ತಾಗಿ ನಾಲ್ಕೈದು ದಿನಗಳಲ್ಲಿ ಒಣಗಿದವು. ಹಾಳೆಗಳಿಗೆ ಇವತ್ತಿಗೂ ಹೊಗೆಯ ವಾಸನೆ ಇದೆ, ಹುಳ ಮಾತ್ರ ಬಿದ್ದಿಲ್ಲ.

ಒಂದು ಗಿಡದ ಕತೆ ಹೇಳಲೇಬೇಕು. ಮುಟ್ಟಿದರೆ ಮುನಿಯನ್ನು ಒಣಗಿಸುವುದು ಹೇಗೆ? ಕೀಳಲು ಕೈ ತಾಗಿದ ಕ್ಷಣ ಎಲೆ ಮಡಚಿಕೊಳ್ಳುತ್ತದೆ, ಮಡಚಿದ ಎಲೆಯೇ ಒಣಗುತ್ತದೆ. ಗದ್ದೆಯ ಬದುವಿನಲ್ಲಿ ಕೂತು, ಕೊಂಬೆಯ ಕೆಳಗೆ ಮೆಲ್ಲಗೆ ಕಾಗದ ತೂರಿಸಿ, ಮುನಿಸು ಇಳಿದು ಎಲೆ ಮತ್ತೆ ಅರಳುವವರೆಗೆ ಕೊಡೆ ಹಿಡಿದು ಕಾದು, ನೋಟ್‌ಬುಕ್ಕನ್ನು ಥಟ್ಟನೆ ಮೇಲಿಟ್ಟು ಒತ್ತಿದೆ. ಆರು ಸಲದಲ್ಲಿ ಒಂದು ಸಲ ಅರ್ಧ ತೆರೆದ ಎಲೆ ಸಿಕ್ಕಿತು. ನನ್ನ ಹರ್ಬೇರಿಯಂನಲ್ಲಿ ಹೆಮ್ಮೆಪಡುವ ಹಾಳೆ ಅದೊಂದೇ. ಅದರ ಚೀಟಿ ಬರೆಯುವಾಗ ತಿಳಿಯಿತು, ನಮ್ಮ ಬದುವಿನದೇ ಎಂದುಕೊಂಡಿದ್ದ ಈ ಗಿಡ ಮೂಲತಃ ಅಮೆರಿಕದ ಉಷ್ಣವಲಯದ್ದು.

ಗಿಡಗಳನ್ನು ನೋಡುವುದನ್ನು ಹರ್ಬೇರಿಯಂ ಕಲಿಸಿತು, ನಿಜ. ಆದರೆ ಪುಸ್ತಕದ ಜೊತೆ ಅದಕ್ಕಿದ್ದ ನಂಟು ಸಡಿಲವಾದದ್ದು. ಸ್ವಾಮಿಯವರು ಕಂಡ ಗಿಡಗಳು ಬೇರೆ, ನಮ್ಮ ಬೇಲಿಯವು ಬೇರೆ. ನಾಲ್ಕು ವಾರಗಳಲ್ಲಿ ಪುಸ್ತಕ ತೆರೆದದ್ದು ಐದಾರು ಸಲ, ಅದೂ ಹೆಚ್ಚಾಗಿ ಅವರ ರೇಖಾಚಿತ್ರಗಳನ್ನು ನೋಡಿ ನನ್ನ ಚೀಟಿಯ ಪಕ್ಕ ಅಂಥದ್ದೊಂದು ಬರೆಯಲು. ಅವರ ಹಾಸ್ಯಕ್ಕೆ ಒಣಗಿದ ಹಾಳೆಗಳಲ್ಲಿ ಜಾಗವೇ ಸಿಗಲಿಲ್ಲ.

ಮುಟ್ಟಿದರೆ ಮುನಿಯ ಆ ಚೀಟಿಯೇ ನನ್ನನ್ನು ಸ್ವಾಮಿಯವರ ಇನ್ನೊಂದು ಪುಸ್ತಕಕ್ಕೆ ಒಯ್ದಿತು. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂಬ ಹೆಸರು ಕೇಳಿದರೇ ನಗು ಬರುತ್ತದೆ, ಓದಿದ ಮೇಲೆ ಊಟಕ್ಕೆ ಕೂತಾಗಲೆಲ್ಲ ನೆನಪಾಗುತ್ತದೆ. ಆ ಖಂಡದಿಂದ ಬಂದು ನಮ್ಮ ಅಡುಗೆಮನೆ ಸೇರಿದ ಗಿಡಗಳ ಕತೆ ಅದು. ಶಾಲೆಯ ವಸ್ತುಪ್ರದರ್ಶನಕ್ಕೆ ನಾನು ಮಾಡಿದ್ದು ಇಷ್ಟೇ. ಎರಡು ಬಾಳೆಲೆ ಹಾಸಿದೆ. ಒಂದರಲ್ಲಿ ನಾವು ದಿನವೂ ಉಣ್ಣುವ ಊಟ. ಹುರುಳಿಕಾಯಿ ಪಲ್ಯ, ಆಲೂಗೆಡ್ಡೆ ಹಾಕಿದ ಸಾಂಬಾರು, ಟೊಮೆಟೊ ಸಾರು, ಸಿಹಿಗುಂಬಳದ ಗೊಜ್ಜು, ಗೋಡಂಬಿ ಹಾಕಿದ ಪಾಯಸ, ಒಂದು ಹೋಳು ಪರಂಗಿ ಹಣ್ಣು, ಒಂದು ಸೀಬೆಕಾಯಿ. ಇನ್ನೊಂದರಲ್ಲಿ 1492ಕ್ಕೆ ಮುಂಚೆ, ಅಂದರೆ ಕೊಲಂಬಸ್ ಅತ್ತ ಕಾಲಿಡುವ ಮೊದಲು, ಇಲ್ಲಿ ಬಡಿಸಬಹುದಾಗಿದ್ದ ಊಟ. ಅನ್ನ, ಕಾಳುಮೆಣಸಿನ ಸಾರು, ಬದನೆಯ ಪಲ್ಯ, ಉದ್ದಿನ ವಡೆ, ಶುಂಠಿ ತಂಬುಳಿ, ಹಲಸಿನ ಹಣ್ಣು. ಮೊದಲ ಎಲೆಯಲ್ಲಿ ಹೊರಗಿನಿಂದ ಬಂದವುಗಳನ್ನು ನೋಡುವವರೇ ಎತ್ತಿ ಬದಿಗಿಡಬೇಕೆಂದು ಹೇಳಿದೆ. ಎತ್ತುತ್ತ ಹೋದಂತೆ ಎಲೆ ಬರಿದಾಗುತ್ತಿತ್ತು, ಒಗ್ಗರಣೆಯ ಒಣಮೆಣಸಿನಕಾಯಿ ಕೂಡ ಹೊರಗೆ ಹೋಗುತ್ತಿತ್ತು.

ಹೆಸರುಗಳಲ್ಲೇ ಗುಟ್ಟಿದೆ ಎಂದು ನನಗೆ ತಿಳಿದದ್ದು ಚೀಟಿ ಬರೆಯುವಾಗ. ನಮ್ಮದೇ ಮೆಣಸಿನ ಹೆಸರನ್ನು ಹೊಸದಾಗಿ ಬಂದ ಕಾಯಿಗೆ ಕೊಟ್ಟು ಮೆಣಸಿನಕಾಯಿ ಎಂದರು. ಪರಂಗಿಯವರ ಹಣ್ಣು ಪರಂಗಿ ಹಣ್ಣಾಯಿತು. ಸೀಮೆಯಿಂದ ಬಂದದ್ದು ಸೀಮೆಬದನೆ. ಆದರೆ ಇಡೀ ಪ್ರದರ್ಶನದಲ್ಲಿ ಒಳ್ಳೆಯ ಮಾತು ಹೇಳಿದ್ದು ನಮ್ಮ ಅಜ್ಜಿ. ಎರಡನೆಯ ಎಲೆಯನ್ನು ನೋಡಿ, ‘ಇದೇನೇ, ತಿಥಿ ಊಟ ಬಡ್ಸಿದೀಯಲ್ಲ!’ ಎಂದರು. ನಮ್ಮ ಮನೆಯಲ್ಲಿ ತಿಥಿಯ ದಿನ ಮೆಣಸಿನಕಾಯಿ ಬಳಸುವುದಿಲ್ಲ, ಕಾಳುಮೆಣಸು ಮಾತ್ರ. ಟೊಮೆಟೊ, ಆಲೂಗೆಡ್ಡೆ, ಹುರುಳಿಕಾಯಿ, ಎಲೆಕೋಸು ಒಂದೂ ಒಲೆ ಹತ್ತುವುದಿಲ್ಲ. ಎಲೆಕೋಸು ಯುರೋಪಿನದು, ಮಿಕ್ಕವು ಅಮೆರಿಕ ಖಂಡದವು. ಹೊಸದಾಗಿ ಬಂದ ತರಕಾರಿಗಳಿಗೆ ದಿನನಿತ್ಯದ ಅಡುಗೆಮನೆ ಬಾಗಿಲು ತೆರೆದರೂ ಪಿತೃಗಳ ಎಲೆ ತೆರೆಯಲಿಲ್ಲ. ಈ ಅರ್ಥ ಸರಿಯೆಂದು ನನಗನ್ನಿಸುತ್ತದೆ, ಅಜ್ಜಿ ಮಾತ್ರ ‘ಅದೆಲ್ಲ ನಂಗೊತ್ತಿಲ್ಲ, ಹಿಂದಿನಿಂದ ಹಾಗೇ’ ಎಂದರು.

ಹರ್ಬೇರಿಯಂಗೂ ಬಾಳೆಲೆಗೂ ಇರುವ ಅಂತರ ಇಲ್ಲಿದೆ. ಹರ್ಬೇರಿಯಂಗೆ ನಾಲ್ಕು ವಾರ, ಬಾಳೆಲೆಗೆ ಮೂರು ದಿನ. ಮೊದಲನೆಯದಕ್ಕೆ ಡ್ರಾಯಿಂಗ್ ಹಾಳೆ, ದಾರ ಎಂದು 90 ರೂಪಾಯಿ, ಎರಡನೆಯದಕ್ಕೆ ಅಮ್ಮನ ಒಂದು ಬೆಳಗಿನ ದುಡಿಮೆ ಬಿಟ್ಟರೆ ಖರ್ಚೇ ಇಲ್ಲ. ಆದರೆ ಬಾಳೆಲೆಗೆ ಪುಸ್ತಕವನ್ನು ಅಡುಗೆಮನೆಯಲ್ಲಿಟ್ಟುಕೊಂಡು, ಒಂದೊಂದು ಡಬ್ಬಿ ತೆಗೆದಾಗಲೂ ಹುಡುಕಬೇಕಿತ್ತು. ನನ್ನ ಪ್ರತಿಯ ಒಂದು ಪುಟದಲ್ಲಿ ಅರಿಶಿನದ ಬೆರಳಚ್ಚಿದೆ. ಹರ್ಬೇರಿಯಂ ನೋಡಿದವರು ‘ಚೆನ್ನಾಗಿದೆ’ ಎಂದು ಮುಂದೆ ಹೋದರು. ಬಾಳೆಲೆಯ ಮುಂದೆ ಜನ ನಿಂತು ಜಗಳವಾಡಿದರು. ಕಡಲೆಕಾಯಿ ಹೊರಗಿನದೆಂದರೆ ಒಬ್ಬರೂ ನಂಬಲಿಲ್ಲ, ಪುಸ್ತಕ ತೆರೆದು ತೋರಿಸಬೇಕಾಯಿತು. ಉಳಿಕೆಯಲ್ಲಿ ಮಾತ್ರ ಬಾಳೆಲೆ ಸೋತಿತು. ಮಧ್ಯಾಹ್ನದ ಹೊತ್ತಿಗೆ ಒಂಬತ್ತನೆಯ ‘ಬಿ’ ವಿಭಾಗದವರು ಪ್ರದರ್ಶನವನ್ನೇ ತಿಂದು ಮುಗಿಸಿದ್ದರು.

ಮತ್ತೆ ‘ಕರ್ವಾಲೋ’

ಹತ್ತನೆಯ ತರಗತಿಯಲ್ಲಿ ಪ್ರಥಮ ಭಾಷೆಗೆ 25 ಆಂತರಿಕ ಅಂಕಗಳಿರುತ್ತವೆ, ಹಾಗಾಗಿ ಹೆಚ್ಚಿನವರು ಸಾಹಸಕ್ಕೆ ಕೈ ಹಾಕುವುದಿಲ್ಲ. ನನಗೆ ಮಾತ್ರ ಎರಡು ವರ್ಷಗಳ ಹಿಂದಿನ ಓತಿಯ ರೆಕ್ಕೆ ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಅದೇ ಪುಸ್ತಕವನ್ನು ಮತ್ತೆ ಆರಿಸಿಕೊಂಡು, ಈ ಸಲ ವಿಜ್ಞಾನಿ ಕರ್ವಾಲೋ ಬರೆದಿರಬಹುದಾದ ಟಿಪ್ಪಣಿ ಪುಸ್ತಕವೊಂದನ್ನು ತಯಾರಿಸಿದೆ. ಖರ್ಚು ಒಂದು 100 ಪುಟದ ನೋಟ್‌ಬುಕ್ಕು, ಎರಡು ಪೆನ್ನು. ನಿಯಮವೊಂದನ್ನು ಹಾಕಿಕೊಂಡೆ. ಕಾದಂಬರಿಯಲ್ಲಿ ಇರುವ ಸಂಗತಿಯನ್ನು ನೀಲಿ ಶಾಯಿಯಲ್ಲಿ, ನಾನು ಊಹಿಸಿದ್ದನ್ನು ಹಸಿರು ಶಾಯಿಯಲ್ಲಿ ಬರೆಯಬೇಕು.

ಸುಲಭವೆಂದು ತೋರಿದ ಈ ಕೆಲಸ ನನ್ನನ್ನು ಹಣ್ಣು ಮಾಡಿತು. ಕಾದಂಬರಿಯನ್ನು ಹೇಳುವವನು ಬೇರೆ, ಟಿಪ್ಪಣಿ ಬರೆಯಬೇಕಾದವನು ಬೇರೆ. ನಿರೂಪಕ ಕಂಡದ್ದನ್ನೆಲ್ಲ ಕರ್ವಾಲೋ ಕಂಡಿರುವುದಿಲ್ಲ. ಪ್ರತಿ ಪುಟದಲ್ಲೂ ‘ಈ ಹೊತ್ತಿನಲ್ಲಿ ಅವರು ಅಲ್ಲಿದ್ದರೇ? ಈ ವಿಷಯ ಅವರಿಗೆ ಯಾರಿಂದ ತಿಳಿದಿರಬೇಕು? ಮಂದಣ್ಣನ ಬಗ್ಗೆ ಊರವರ ಮಾತು ಅವರ ಕಿವಿಗೆ ಬಿದ್ದಿತ್ತೇ?’ ಎಂದು ಕೇಳಿಕೊಳ್ಳಬೇಕಾಗುತ್ತಿತ್ತು. ಉತ್ತರಕ್ಕೆ ಪುಸ್ತಕವಲ್ಲದೆ ಬೇರೆ ಗತಿಯಿಲ್ಲ. ಎಷ್ಟು ಸಲ ತೆರೆದೆ ಎಂಬ ಲೆಕ್ಕ ಎರಡನೆಯ ವಾರಕ್ಕೇ ತಪ್ಪಿಹೋಯಿತು. ಎಂಟನೆಯ ತರಗತಿಯಲ್ಲಿ ತಮಾಷೆಯ ಪಾತ್ರವೆಂದು ಓದಿ ಮುಂದೆ ಹೋಗಿದ್ದ ಮಂದಣ್ಣ, ಕರ್ವಾಲೋ ಕಣ್ಣಿನಿಂದ ನೋಡಬೇಕಾಗಿ ಬಂದಾಗ ಬೇರೆಯೇ ಮನುಷ್ಯನಾದ. ಹಸಿರು ಶಾಯಿಯಲ್ಲಿ ನಾನು ಬರೆದ ಒಂದು ಪುಟದಲ್ಲಿ ಕರ್ವಾಲೋ ಮಂದಣ್ಣನನ್ನು ‘ಸಹಾಯಕ’ ಎಂದು ಬರೆದು, ಹೊಡೆದುಹಾಕಿ, ಏನೂ ಬರೆಯದೆ ಬಿಟ್ಟಿದ್ದಾರೆ.

ಮಳೆ ನಿಂತ ಮೇಲೆ ನಮ್ಮ ಅಡಿಕೆ ತೋಟದಲ್ಲೇ ಹಾರುವ ಓತಿಯನ್ನು ಹುಡುಕತೊಡಗಿದೆ. ನಾಲ್ಕನೆಯ ದಿನ ಸಿಕ್ಕಿತು. ತೊಗಟೆಯ ಬಣ್ಣದ್ದು, ಇರುವೆಗಳ ಸಾಲಿನ ಪಕ್ಕ ಅಲುಗದೆ ಕೂತು ಒಂದೊಂದನ್ನೇ ನೆಕ್ಕುತ್ತಿತ್ತು. ಗಂಟಲ ಕೆಳಗಿನ ಹಳದಿ ಚೀಲವನ್ನು ಬಾವುಟದಂತೆ ಬಿಚ್ಚಿತು, ಮಡಚಿತು, ಮತ್ತೆ ಬಿಚ್ಚಿತು. ಆಮೇಲೆ ತಲೆ ಕೆಳಗಾಗಿ ಜಿಗಿದು, ಪಕ್ಕೆಗಳನ್ನು ಅಗಲಿಸಿ, ಮೂರು ಮರದಾಚೆಯ ಅಡಿಕೆಯ ಬುಡಕ್ಕಿಂತ ಸ್ವಲ್ಪ ಮೇಲೆ ಹೋಗಿ ಅಂಟಿತು. ಒಂದು ಸಲವೂ ರೆಕ್ಕೆ ಬಡಿಯಲಿಲ್ಲ. ಇದನ್ನು ಯಾವ ಶಾಯಿಯಲ್ಲಿ ಬರೆಯಬೇಕೆಂದು ತೋಚದೆ ಪೆನ್ಸಿಲಿನಲ್ಲಿ ಬರೆದೆ.

ಮೇಡಂ ನೋಟ್‌ಬುಕ್ಕನ್ನು ಮನೆಗೊಯ್ದು ಪೂರ್ತಿ ಓದಿದರು, ನೀಲಿ ಶಾಯಿಯ ಮೂರು ಕಡೆ ಪುಟಸಂಖ್ಯೆ ಸಮೇತ ತಪ್ಪು ತೋರಿಸಿದರು, 2 ಅಂಕ ಕಡಿಮೆ ಕೊಟ್ಟರು. ತಪ್ಪು ಓತಿಗೆ ಪೂರ್ತಿ ಅಂಕ, ಸರಿಯಾದ ಓತಿಗೆ 2 ಕಡಿಮೆ. ಕಣ್ಣಿಗೆ ಅಂದವಾದದ್ದನ್ನು ಒಂದು ನಿಮಿಷದಲ್ಲಿ ನೋಡಿ ಅಂಕ ಹಾಕಬಹುದು, ಬರೆದದ್ದನ್ನು ಓದಬೇಕಾಗುತ್ತದೆ, ಓದಿದರೆ ತಪ್ಪು ಸಿಕ್ಕೇ ಸಿಗುತ್ತದೆ. ಈ ಅಪಾಯವನ್ನು ಹೊಸಬರು ತಿಳಿದಿರಬೇಕು. ಪ್ರದರ್ಶನದ ಮೇಜಿನ ಮೇಲೆ ನೋಟ್‌ಬುಕ್ಕು ಸಪ್ಪೆಯಾಗಿ ಬಿದ್ದಿತ್ತು, ಅದನ್ನು ತೆರೆದವರು ಏಳೆಂಟು ಮಂದಿ ಮಾತ್ರ. ಅವರಲ್ಲಿ ನಾಲ್ವರು ‘ಕರ್ವಾಲೋ’ ಕೇಳಿ ಒಯ್ದರು. ಶೂ ಡಬ್ಬಿಯನ್ನು ಇಡೀ ಶಾಲೆ ನೋಡಿತ್ತು, ಪುಸ್ತಕ ಕೇಳಿದವರು ಯಾರೂ ಇರಲಿಲ್ಲ.

ಆರಿಸಿಕೊಳ್ಳುವವರಿಗೆ

ಹೀಗಾಗಿ ತಂಗಿಗೆ ನಾನು ಹೇಳಿದ್ದು ಇದು. ಕೈಯಲ್ಲಿ ಒಂದು ತಿಂಗಳಿದ್ದು, ನಂಬಬಹುದಾದ ಇಬ್ಬರು ಮೂವರು ಗೆಳತಿಯರಿದ್ದು, ಪುಸ್ತಕ ಗಟ್ಟಿಯಾಗಿ ಓದಿದರೆ ಚೆಂದವೆನಿಸುವಂಥದ್ದಾದರೆ ನೆರಳಿನಾಟ ಮಾಡು. ಐವರು ಬೇಡ, ಕಡ್ಡಿ ಹಿಡಿಯಲು ಮಾತ್ರ ಬರುವವರು ಸೇರಿಕೊಳ್ಳುತ್ತಾರೆ. ಒಬ್ಬಳೇ ಮಾಡಬೇಕಿದ್ದರೆ ಮತ್ತು ಕಾದಂಬರಿಯನ್ನು ಒಬ್ಬನೇ ವ್ಯಕ್ತಿ ಹೇಳುತ್ತಿದ್ದರೆ, ಹೇಳದಿರುವ ಇನ್ನೊಬ್ಬರ ಟಿಪ್ಪಣಿ ಪುಸ್ತಕ ಬರೆ, ಎರಡು ಶಾಯಿಯ ನಿಯಮ ಬಿಡಬೇಡ. ಪುಸ್ತಕ ಸಂಗತಿಗಳ ಬಗ್ಗೆ ಇದ್ದರೆ ಬಾಳೆಲೆಯಂಥ ಏನನ್ನಾದರೂ ಮಾಡು, ನೋಡುವವರ ಕೈಗೆ ಕೆಲಸ ಕೊಡುವಂಥದ್ದು. ಹರ್ಬೇರಿಯಂ ಮಾಡುವುದಾದರೆ ಮಳೆಗಾಲ ಕಳೆಯಲಿ. ಶೂ ಡಬ್ಬಿ ಬೇಡವೆಂದಲ್ಲ, ಆದರೆ ಡಬ್ಬಿ ಕತ್ತರಿಸುವ ಮುನ್ನ ಆ ದೃಶ್ಯದ ಪುಟಗಳನ್ನು ಪಕ್ಕದಲ್ಲಿಟ್ಟುಕೊಂಡು ಕೂರು.

ಅವಳು ಎಲ್ಲವನ್ನೂ ಕೇಳಿಸಿಕೊಂಡು, ‘ನಂಗೆ ಶೂ ಡಬ್ಬೀನೇ ಇಷ್ಟ’ ಎಂದಳು. ಅಟ್ಟದಿಂದ ನನ್ನ ಹಳೆಯ ಡಬ್ಬಿಯನ್ನು ಇಳಿಸಿ ನೋಡಿದರೆ ಪಾಚಿ ಪುಡಿಯಾಗಿತ್ತು, ಥರ್ಮಾಕೋಲ್ ಬಂಡೆಯನ್ನು ಇಲಿ ಕಡಿದು ಗೂಡು ಮಾಡಿಕೊಂಡಿತ್ತು. ಬಾವಲಿಯ ರೆಕ್ಕೆಯ ಓತಿ ಮಾತ್ರ ದಾರದಲ್ಲಿ ಹಾಗೆಯೇ ನೇತಾಡುತ್ತಿತ್ತು. ಅದನ್ನು ಕಿತ್ತು, ಪಕ್ಕೆಲುಬು ಎಣಿಸಲು ತೋಟಕ್ಕೆ ಹೋಗೋಣವೆಂದು ಅವಳು ಈ ಭಾನುವಾರ ಗೊತ್ತುಮಾಡಿದ್ದಾಳೆ.